ಎರಡು ತಾಸಿನ ಆಯಿ

ನಮ್ಮ ದೊಡ್ಡವ್ವನಿಗೆ ಕಾನೂನು ಗೊತ್ತಿಲ್ಲ ಎಂದು ಜನ ನಗುತ್ತಾರೆ. ಪಾಪ, ಕಾನೂನಿಗೆ ದೊಡ್ಡವ್ವ ಗೊತ್ತಿರಲಿಲ್ಲ, ಅದನ್ನು ಯಾರೂ ಹೇಳುವುದಿಲ್ಲ!

ಸಾವಳಗಿಯಲ್ಲಿ ಕುರಿ ಕಾಯುತ್ತ ಬೆಳೆದವಳು ಈಕೆ, ನನ್ನ ತಾಯಿಯ ಅಕ್ಕ. ಮಗ-ಸೊಸೆಗೆ ವಿಚ್ಛೇದನವಾಯಿತು. ಮಗ ಇನ್ನೊಂದು ಮದುವೆಯಾಗಿ ಹಾಯಾಗಿದ್ದ. ಅಜ್ಜಿಯನ್ನು 'ಆಯಿ' ಎನ್ನುತ್ತಿದ್ದ ಐದು ವರ್ಷದ ಮೊಮ್ಮಗಳು ತಾಯಿಯ ಜೊತೆ ಬನಹಟ್ಟಿ ಸೇರಿದಳು. ಅಲ್ಲಿ ಬೀಗರು ಬಾಗಿಲು ಹಾಕಿಕೊಂಡರು. ದೊಡ್ಡವ್ವ ಸುಮ್ಮನಿರುತ್ತಾಳೆಯೇ? ಬಸ್ಸು ಹತ್ತಿ ಹೋಗಿ, ಅವರ ಓಣಿಯಲ್ಲಿ ನಿಂತು ಮೊಮ್ಮಗಳನ್ನು ಕೂಗಿದಳು. ಪಾವರ್‌ಲೂಮ್ ಸದ್ದಿನಲ್ಲಿ ಬನಹಟ್ಟಿಯವರೆಲ್ಲ ಕೂಗಿಯೇ ಮಾತಾಡುವುದು. ಆದರೆ ಈಕೆ ಕೂಗಿದ್ದಕ್ಕೆ ಏನೋ ಅನಾಹುತವಾಯಿತೆಂದು ಮಗ್ಗಗಳೇ ನಿಂತವು! ಇಡೀ ಓಣಿ ಹೊರಗೆ ಬಂತು, ಮೊಮ್ಮಗಳೊಬ್ಬಳನ್ನು ಬಿಟ್ಟು.

ಕೊನೆಗೆ ನಾನೇ ಆಕೆಯನ್ನು ಜಮಖಂಡಿಯ ವಕೀಲರೊಬ್ಬರ ಬಳಿ ಕರೆದೊಯ್ದೆ.

"ಅಜ್ಜಿಗೆ ಅಂತ ನೇರ ಹಕ್ಕಿಲ್ಲ ಯವ್ವಾ. ಕೂಸಿನ ಹಿತ ನೋಡಿ ಕೋರ್ಟು ಭೇಟಿಗೆ ಅವಕಾಶ ಕೊಡಬಹುದು," ಎಂದರು ವಕೀಲರು.

"ಮರಿ ಹಿಂಡು ತಪ್ಪಿದ್ರ ಹುಡುಕಾಕ ಹಕ್ಕು ಕೇಳ್ಕೊಂತ ಕುಂದರ್ತಾರೇನ್ರಿ? ಹಿತಾನೋ ಗಿತಾನೋ, ನೀವು ಬರೀರಿ!"

ಕೋರ್ಟಿನಲ್ಲಿ ಕೇಸು ಕೂಗಿದ್ದೇ ತಡ, ದೊಡ್ಡವ್ವ ಬಗಲಲ್ಲಿದ್ದ ಕರಿ ಕಂಬಳಿಯನ್ನು ನಟ್ಟನಡುವೆ ಹಾಸಿ, ಭಂಡಾರದ ಅರಿಸಿನ ಚೆಲ್ಲಿಬಿಟ್ಟಳು! ಕುರುಬರ ದೇವರು ಬೀರಪ್ಪನ ಒಕ್ಕಲಿನವರಿಗೆ ಕಂಬಳಿಯೇ ಗದ್ದುಗೆ. ಅದರ ಮೇಲೆ ಕೂತವರು ಸುಳ್ಳು ಹೇಳುವಂತಿಲ್ಲ.

"ನನಗ ಕೂಸು ಯಾಕ ತೋರ್ಸವಲ್ಲಳು, ಸೊಸಿ ಇದರ ಮ್ಯಾಲ ಕುಂತು ಹೇಳ್ಲಿ!"

"ಇದೇನ್ರೀ ಇದು?" ಎನ್ನುತ್ತ ಸೊಸೆಯ ವಕೀಲರು ಮುಂದೆ ಬಂದರು.

"ಏ ತಮ್ಮಾ, ಬೂಟು ಕಳದ ಬಾ!"

ನಂಬುತ್ತೀರೋ ಇಲ್ಲವೋ, ಅವರು ಕಳಚಿಯೇಬಿಟ್ಟರು! ನ್ಯಾಯಾಧೀಶರು ನಗು ತಡೆದುಕೊಂಡು, ಕಂಬಳಿ ಸಮೇತ ಎಲ್ಲರನ್ನೂ ರಾಜಿ ಮಾತುಕತೆಯ ಕೋಣೆಗೆ ಕಳಿಸಿದರು.

ಅಲ್ಲಿ ಸೊಸೆ ನಿಜಕ್ಕೂ ಕಂಬಳಿಯ ಮೇಲೆ ಕೂತಳು. "ಕೂಸು ದಿನಾ ಆಯಿ ಆಯಿ ಅಂತೈತ್ರಿ. ಒಮ್ಮೆ ಕಳಿಸಿದ್ರ ನೀವು ಇಟ್ಕೊಂಡ ಬಿಡ್ತೀರಿ ಅಂತ ಅಂಜಿಕಿ ನನಗ."

ದೊಡ್ಡವ್ವ ಮೆತ್ತಗಾದಳು. "ತಾಯಿಯಿಂದ ಕೂಸು ಅಗಲಿಸಿದ್ರ ಬೀರಪ್ಪ ನನ್ನ ಬಿಟ್ಟಾನೇನವಾ? ನಿಮ್ಮ ಪಡಸಾಲ್ಯಾಗ ಕುಂತ ನೋಡಿ ಬರ್ತೇನಿ."

ಹಾಗೇ ಆದೇಶವಾಯಿತು: ತಿಂಗಳಿಗೊಂದು ರವಿವಾರ, ಬೀಗರ ಮನೆಯಲ್ಲಿ, ಎರಡು ತಾಸು.

ಮೊದಲ ರವಿವಾರ ದೊಡ್ಡವ್ವ ಶೇಂಗಾ ಹೋಳಿಗೆ, ಗಟ್ಟಿ ಮೊಸರಿನ ಜೊತೆಗೆ ಜೀವಂತ ಕುರಿಮರಿಯನ್ನೂ ಎತ್ತಿಕೊಂಡು ಹೊರಟಳು!

"ಕೋರ್ಟು ನಿನಗಷ್ಟ ಪರವಾನಗಿ ಕೊಟ್ಟೈತಿ, ಮರಿಗಲ್ಲ," ಎಂದೆ.

"ಮರಿ ಬರಬಾರ್ದಂತ ಎಲ್ಲಿ ಬರದಾರ? ಓದು ನೋಡೂಣು!"

ಓದಿದೆ. ಎಲ್ಲಿಯೂ ಬರೆದಿರಲಿಲ್ಲ. ಕಂಡಕ್ಟರ್ ಮಾತ್ರ ಮರಿಗೂ ಟಿಕೆಟ್ ಹರಿದ.

ವರ್ಷದಿಂದ ಆಯಿಯನ್ನು ಕಾಣದ ಕೂಸು ಬಾಗಿಲ ಹಿಂದೆ ಅಡಗಿತು. ಮರಿ 'ಮ್ಯಾ' ಎಂದದ್ದಕ್ಕೆ ಹೊರಗೆ ಬಂತು. ಆಡಿತು, ಹೋಳಿಗೆ ತಿಂದಿತು, ಆಮೇಲೆ ಆಯಿಯ ತೊಡೆಯ ಮೇಲೆ ನಿದ್ದೆಹೋಯಿತು.

"ಎಬ್ಬಿಸು ದೊಡ್ಡವ್ವ, ಹೊತ್ತು ಹೋಗಾಕತ್ತೈತಿ," ಎಂದೆ.

"ಸುಮ್ಮ ಕುಂದ್ರಲೇ," ಎಂದು ಪಿಸುಗುಟ್ಟಿದಳು. ಆಕೆಗೆ ಪಿಸುಗುಟ್ಟಲು ಬರುತ್ತದೆಂದು ನನಗೆ ಗೊತ್ತಾದದ್ದೇ ಅಂದು! ಕಾಲು ಜೋಮು ಹಿಡಿದಿರಬೇಕು, ಅಲ್ಲಾಡಲಿಲ್ಲ.

ಎರಡು ತಾಸು ಮುಗಿಯಿತು. ಬೀಗರು ಗಡಿಯಾರ ನೋಡಿ ಕೆಮ್ಮಿದರು. ಸೊಸೆ ಒಳಗಿನಿಂದ ಬಂದಳು. ಕೂಸನ್ನು ಎತ್ತಿಕೊಂಡು ಹೋಗುತ್ತಾಳೆಂದುಕೊಂಡೆ. ಆಕೆ ಬಗ್ಗಿ, ಮುದುಕಿಯ ಬೆನ್ನಿಗೆ ತಲೆದಿಂಬು ಇಟ್ಟಳು.

"ಎಬ್ಬಿಸಬ್ಯಾಡ್ರಿ ಅತ್ತಿ. ತಾನ ಏಳ್ತೈತಿ."

ವಿಚ್ಛೇದನದ ಬಳಿಕ ಅವಳು 'ಅತ್ತಿ' ಎಂದದ್ದು ಅದೇ ಮೊದಲು. ದೊಡ್ಡವ್ವ ಅತ್ತಳು, ಕೂಸು ಎದ್ದೀತೆಂದು ಸದ್ದಿಲ್ಲದೆ.