ಬೇರು ಸಮೇತ

ಗಂಗಯ್ಯನವರ ಹಿತ್ತಲಿನ ಕರಿಬೇವಿನ ಗಿಡ ಹಳದಿಗೆ ತಿರುಗಿತು. ಬೇರೆಯವರ ಮನೆಯಲ್ಲಾಗಿದ್ದರೆ ಅದೊಂದು ಸುದ್ದಿಯೇ ಅಲ್ಲ. ಆದರೆ ಗಂಗಯ್ಯನವರು ಮೊನ್ನೆ ಮೊನ್ನೆ ನಿವೃತ್ತರಾಗುವ ತನಕ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಹೊಲಗಳಲ್ಲೆಲ್ಲ ಬೆಳೆಗೆ ಬೀಳುವ ಹುಳ, ರೋಗಗಳ ಹತೋಟಿ ಕಾರ್ಯಕ್ರಮ ನಡೆಸಿದ ಸರ್ಕಾರಿ ಅಧಿಕಾರಿ. ಜನರ ಬಾಯಲ್ಲಿ ‘ಹುಳದ ಸಾಹೇಬ್ರು’. ಹುಳದ ಸಾಹೇಬರ ಮನೆಯ ಗಿಡಕ್ಕೇ ರೋಗ ಎಂದರೆ ಬೈಲಹೊಂಗಲದ ಆ ಓಣಿಗೆ ಅದಕ್ಕಿಂತ ದೊಡ್ಡ ಹಬ್ಬ ಬೇಕೆ?

ಗಂಗಯ್ಯನವರಿಗೆ ಮಾತ್ರ ನಗು ಬರಲಿಲ್ಲ. ಆ ಗಿಡ ಹೆಂಡತಿ ಅನ್ನಪೂರ್ಣಾ ತವರೂರು ಚಚಡಿಯಿಂದ ತಂದು ಹಚ್ಚಿದ್ದು. ಆಕೆ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಆಕೆ ಕಣ್ಣು ಮುಚ್ಚಿದಾಗ ಇವರು ಸುರೇಬಾನದ ಗೋವಿನಜೋಳದ ಹೊಲದಲ್ಲಿ ಸೈನಿಕ ಹುಳು ಹುಡುಕುತ್ತಿದ್ದರು. ಆ ಸಂಕಟ ಇನ್ನೂ ಎದೆಯಿಂದ ಇಳಿದಿರಲಿಲ್ಲ. ಮನೆಯಲ್ಲಿ ಆಕೆಯದೆಂದು ಜೀವಂತ ಉಳಿದದ್ದು ಆ ಗಿಡ ಒಂದೇ. ಬೆಳಿಗ್ಗೆ ಚಹಾಕ್ಕೆ ನೀರಿಡುವಾಗ ಕೈ ಇನ್ನೂ ಇಬ್ಬರ ಅಳತೆಯನ್ನೇ ಹಿಡಿಯುತ್ತಿತ್ತು. ಎರಡೂ ಕಪ್ಪು ಹಿಡಿದು ಹಿತ್ತಲಿಗೆ ಹೋಗಿ, ಗಿಡದ ಪಕ್ಕ ಕುಳಿತು ಅವರು ಚಹಾ ಮುಗಿಸುತ್ತಿದ್ದರು.

ಮೊದಲು ಧಾವಿಸಿ ಬಂದವನು ಎದುರು ಮನೆಯ ಸದಾಶಿವ. ಊರ ಉಸಾಬರಿಯೆಲ್ಲ ತನ್ನದೇ ಎಂದು ನಂಬಿದ ಮನುಷ್ಯ.

“ಹುಳಿ ಮಜ್ಜಗಿ ಹಾಕ್ರಿ ಸಾಹೇಬ್ರ. ಕರಿಬೇವಿಗೆ ಮಜ್ಜಗಿ ಅಂದ್ರ ಬಾಣಂತಿಗೆ ಅಂಟಿನುಂಡಿ ಇದ್ದಂಗ!” ಎಂದವನೇ, ಹೂಂ ಅನ್ನುವಷ್ಟರಲ್ಲಿ ಒಂದು ತಂಬಿಗೆ ಸುರಿದೂಬಿಟ್ಟ.

ಗಂಗಯ್ಯನವರು ಎಲೆಯ ಬೆನ್ನು, ಹೊಟ್ಟೆ ಎಲ್ಲ ಭೂತಗನ್ನಡಿ ಹಿಡಿದು ನೋಡಿದರು. ಏನೂ ಸಿಗಲಿಲ್ಲ. ಕೊನೆಗೆ ಒಗೆಯುವ ಕಲ್ಲು ಹತ್ತಿ ಪಕ್ಕದ ಶಟ್ಟೆವ್ವನ ಹಿತ್ತಲಿಗೆ ಇಣುಕಿದರು. ಅಲ್ಲೂ ಒಂದು ಹಳೆಯ ಕರಿಬೇವು. ಓಣಿಯವರೆಲ್ಲ ಒಗ್ಗರಣೆಗೆ ಕಿತ್ತು ಕಿತ್ತು, ಗೋಡೆಗಿಂತ ಎತ್ತರ ಏಳಲು ಬಿಡದ ಗಿಡ. ಅದರ ಚಿಗುರಿನಲ್ಲಿ ನಾಲ್ಕಾರು ಜಿಗಿಹುಳ ಕಂಡವು.

“ಸಿಕ್ತು! ರೋಗದ ಮೂಲ ಇಲ್ಲೇ ಐತಿ!”

ಸರ್ವಿಸ್ಸಿನುದ್ದಕ್ಕೂ ಜೀಪಿನ ಮೈಕಿನಲ್ಲಿ ಅವರು ಸಾರಿಕೊಂಡು ಬಂದದ್ದು ಒಂದೇ ಮಾತು: ಮೂಲ ಹುಡುಕಿ, ಬೇರು ಸಮೇತ ಕಿತ್ತು, ಸುಟ್ಟುಬಿಡಿ. ಆದರೆ ಶಟ್ಟೆವ್ವ ಎಲ್ಲಮ್ಮನ ಗುಡ್ಡಕ್ಕೆ ಹೋಗಿದ್ದಳು. ಫೋನು ಹತ್ತಲಿಲ್ಲ.

“ಮಾಲಕರನ್ನ ಕೇಳದ ನಾ ಇವತ್ತಿನ ತನಕ ಯಾರ ಗಿಡಾನೂ ಮುಟ್ಟಿಲ್ಲೋ ಸದಾಶಿವ.”

“ಕೇಳೂದೇನ್ರಿ ಅದರಾಗ? ಆಕಿ ಮನಿ ಕೀಲಿ ನನ್ನ ಕಡೇನ ಐತಿ. ಕೀಲಿ ಇದ್ದಾಂವನ ಮಾಲಕ! ಸಂಜೀಮಟ ಕುಂತ್ರ ನಿಮ್ಮ ಗಿಡ ಸತ್ತಹೋಗತೈತಿ ನೋಡ್ರಿ.”

ಸತ್ತುಹೋಗುತ್ತದೆ ಎಂಬ ಮಾತು ಗಂಗಯ್ಯನವರನ್ನು ಅಲ್ಲಾಡಿಸಿತು. ಒಮ್ಮೆ ತಡವಾಗಿ ಬಂದವರು ಅವರು. ಇನ್ನೊಮ್ಮೆ ಆಗಕೂಡದು.

ಸದಾಶಿವ ಎಲ್ಲಿಂದಲೋ ಇಬ್ಬರು ಆಳು, ಕೊಡಲಿ, ಸನಿಕೆ ಹೊಂದಿಸಿದ. ಗಿಡ ಉರುಳಿತು. ಗಂಗಯ್ಯನವರು ನಿಂತು ಬೇರು ಅಗೆಸಿದರು, ಬುಡದ ಸುತ್ತ ಎದ್ದಿದ್ದ ಮರಿಗಳನ್ನೂ ಬಿಡಲಿಲ್ಲ. ಬೆಂಕಿ ಇಟ್ಟಾಗ ಓಣಿ ತುಂಬ ಒಗ್ಗರಣೆಯ ವಾಸನೆ ಹರಡಿತು. ಬೀಗರು ಬಂದಿದ್ದಾರೋ ಏನೋ ಎಂದು ಜನ ಬಾಗಿಲಿಗೆ ಬಂದು ನೋಡಿದರು.

ಮಧ್ಯಾಹ್ನದ ಮೇಲೆ ಪ್ರಜ್ಞಾ ಬಂದಳು. ಗಂಗಯ್ಯನವರ ಕುರ್ಚಿಗೆ ಹೊಸದಾಗಿ ಬಂದ ಅಧಿಕಾರಿ. ಅವರೇ ಫೋನು ಮಾಡಿ ಕರೆದಿದ್ದರು. ಅವಳು ಹಳದಿ ಗಿಡದ ಬುಡದಲ್ಲಿ ಕುಳಿತು, ಕಡ್ಡಿಯಿಂದ ಮಣ್ಣು ಕೆದರಿ, ಮೂಸಿ ನೋಡಿದಳು.

“ಸರ್, ಇದಕ್ಕ ಹುಳಾನೂ ಇಲ್ಲ, ರೋಗಾನೂ ಇಲ್ಲ. ಬೇರು ಬೆಂದಾವ್ರಿ. ಯಾರೋ ದಿನಾ ಕುದಿಯೂ ಚಹಾ ಸುರುವ್ಯಾರ. ಹಾಲು, ಸಕ್ರಿ ಎಲ್ಲಾ ಹಾಕಿದ್ದು. ನೋಡ್ರಿ, ಇರವಿ ಹೆಂಗ ಮುತ್ಯಾವ.”

“ನಂದು ಮಜ್ಜಗಿ ಅಷ್ಟರಿ!” ಸದಾಶಿವ ಎರಡೂ ಕೈ ಮೇಲೆತ್ತಿದ.

ಗಂಗಯ್ಯನವರು ಒಗೆಯುವ ಕಲ್ಲಿನ ಮೇಲೆ ಕುಸಿದರು. “ನಾನವ್ವಾ… ಆಕಿ ಪಾಲಿನ ಕಪ್ಪು ಅದು. ಆಕಿಗೆ ಚಹಾ ಸುಡುಸುಡೂನ ಬೇಕಾಗತಿತ್ತು. ಆರಿದ್ದು ಮುಟ್ಟತಿರಲಿಲ್ಲ.”

ಕಣ್ಣು ತುಂಬಿ ಬಂದವು. ಊರಿನ ಗಿಡಗಳನ್ನೆಲ್ಲ ಉಳಿಸಿದ ಮನುಷ್ಯ ಮನೆಯದೊಂದನ್ನು ಪ್ರೀತಿಯಿಂದಲೇ ಕೊಂದಿದ್ದರು. ಪ್ರಜ್ಞಾ ಕಡ್ಡಿ ಬಿಸುಟು ಎದ್ದು ನಿಂತಳು.

“ಇದು ಉಳಿಯೂದಿಲ್ರಿ ಸರ್. ಆದ್ರ ಇದರ ತಾಯಿ ಗಿಡ ಇದ್ರ, ಅದರ ಬೇರಿಗೆ ಎದ್ದ ಮರಿ ತಂದು ಹಚ್ರಿ. ಇದ ಗಿಡ ತಿರುಗಿ ಬಂದಂಗ.”

ಗಂಗಯ್ಯನವರ ಮುಖ ಅರಳಿತು. “ಚಚಡ್ಯಾಗ ಐತಿ! ನಾಳೆ ಮೊದಲನೇ ಬಸ್ಸಿಗೆ ಹೊಂಟೆ.”

ಅಷ್ಟರಲ್ಲಿ ಶಟ್ಟೆವ್ವ ಹಣೆ ತುಂಬ ಭಂಡಾರ ಹಚ್ಚಿಕೊಂಡು, ಪ್ರಸಾದ ಹಿಡಿದು ಹಿತ್ತಲಿಗೇ ಬಂದಳು.

“ಯಾರ ಮನ್ಯಾಗ್ರಿ ಇಷ್ಟ ಒಗ್ಗರಣಿ? ಓಣಿ ತುಂಬ ಘಮ್ ಅನ್ನಾಕ ಹತ್ತೇತಿ!” ಎಂದವಳು ಹಳದಿ ಗಿಡ, ಸಾಹೇಬರ ಒದ್ದೆ ಕಣ್ಣು ಕಂಡು ಏನಾಯಿತೆಂದು ಕೇಳಿದಳು. ಪ್ರಜ್ಞಾ ಚಚಡಿಯ ಸುದ್ದಿ ಹೇಳಿದಳು.

“ಚಚಡಿಗೆ ಯಾಕ್ರಿ ಸಾಹೇಬ್ರ? ಅಕ್ಕಾರು ಅಲ್ಲಿಂದ ತಂದು ಹಚ್ಚಿದ ಗಿಡ ಎಂದೋ ಒಣಗಿತ್ತು. ನೀವಾಗ ಊರೂರು ತಿರುಗಾಕ ಹತ್ತಿದ್ರಿ. ‘ನಮ್ಮ ಮನೀದ ಸತ್ತೈತಿ ಅಂದ್ರ ಅವರು ಭಾಳ ನೊಂದಕೊಂತಾರ’ ಅಂತ ಅಕ್ಕಾರು ಅತ್ತು, ನಮ್ಮ ಗಿಡದ ಮರಿ ಒಯ್ದು ಅದ ಜಾಗಾದಾಗ ಹಚ್ಚಿದ್ರು. ನಿಮಗ ಹೇಳಬ್ಯಾಡ ಅಂತ ನನ್ನ ಕಡೆ ಆಣಿ ಮಾಡಿಸಿದ್ರು. ಇದು ನಮ್ಮ ಗಿಡದ ಮಗಳ್ರಿ! ಅಳಬ್ಯಾಡ್ರಿ, ಬೇಕಾದಷ್ಟು ಮರಿ ಅದಾವ. ಈಗ ಕಿತ್ತ ಕೊಡತೇನಿ. ಸದಾಶಿವಣ್ಣಾ, ಕೀಲಿ ಕೊಡ.”

ಜೀವನದಲ್ಲಿ ಮೊದಲ ಸಲ ಸದಾಶಿವನ ಹತ್ತಿರ ಕೊಡಲು ಸಲಹೆ ಇರಲಿಲ್ಲ. ಕೀಲಿ ಕೊಟ್ಟವನೇ ಎಲ್ಲಿಯದೋ ಕೆಲಸ ನೆನಪಾದವನಂತೆ ರಸ್ತೆ ದಾಟಿದ. ಶಟ್ಟೆವ್ವ ಗಂಗಯ್ಯನವರದೇ ಕುರ್ಪಿ ಎತ್ತಿಕೊಂಡು ಸರಸರ ಹೋದಳು.

ತಡೆಯಬೇಕೆಂದು ಗಂಗಯ್ಯನವರು ಬಾಯಿ ತೆರೆದರು. ಅಷ್ಟರಲ್ಲಿ ಗೋಡೆಯಾಚೆ ಕೀಲಿ ತೆಗೆದ ಸದ್ದಾಯಿತು, ಹಿತ್ತಲ ಬಾಗಿಲ ಅಗಳಿ ಸರಿಯಿತು. ಆಮೇಲೆ ಹೆಜ್ಜೆಯ ಸದ್ದು ನಿಂತಿತು.

“ಸಾಹೇಬ್ರ,” ಎಂದು ಶಟ್ಟೆವ್ವ ಅಲ್ಲಿಂದಲೇ ಮೆಲ್ಲಗೆ ಕರೆದಳು. “ನಮ್ಮ ಗಿಡ ಎಲ್ಲೈತ್ರಿ?”