ಬ್ಯಾಟು ಇಡುವ ಕ್ರಮ

ಚಪ್ಪಲಿ ಜೋಡಿಸಿಡದವರ ಮಾತನ್ನು ನಾನು ಪೂರ್ತಿ ನಂಬುವುದಿಲ್ಲ. ಇದು ನ್ಯಾಯವಲ್ಲವೆಂದು ಗೊತ್ತು. ಆದರೆ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿ ಬದುಕು ಸವೆಸಿದವನಿಗೆ ಸೊಟ್ಟಗೆ ಬಿದ್ದ ಚಪ್ಪಲಿ ಕಂಡರೆ ಸಾಲು ತಪ್ಪಿ ನಿಂತ ಹುಡುಗನನ್ನು ಕಂಡಂತೆ ಕೈ ತುರಿಸುತ್ತದೆ. ಸಂಜಯನಗರದ ನಮ್ಮ ಮನೆಗೆ ಪೇಪರ್ ಹಾಕುವವನು ಕೂಡ ಪೇಪರನ್ನು ಎಸೆಯುವುದಿಲ್ಲ, ಮೆಟ್ಟಿಲ ಮೇಲೆ ಇಟ್ಟು ಹೋಗುತ್ತಾನೆ.

ಮೊಮ್ಮಗಳು ಚೈತ್ರಾ ಬೇಸ್‌ಬಾಲ್ ತಂಡದ ಆಯ್ಕೆಗೆ ಹೋಗುತ್ತೇನೆಂದಾಗ ತಾರಸಿಯ ಮೇಲೆ ಪಾಠ ಶುರುಮಾಡಿದೆ. ಗಲ್ಲಿ ಕ್ರಿಕೆಟ್ಟಿನಲ್ಲಿ ಬೆಳೆದ ಹುಡುಗಿ, ಬ್ಯಾಟು ಹಿಡಿದೊಡನೆ ನೆಲ ಕುಟ್ಟುತ್ತಿದ್ದಳು. ಇಲ್ಲಿ ಬ್ಯಾಟು ಭುಜದ ಹಿಂದೆ ಕಾಯಬೇಕು. ಮೊದಲು ಮುಂಗಾಲು ಊರಬೇಕು, ಆಮೇಲೆ ಸೊಂಟ ತಿರುಗಬೇಕು, ಕೈ ಬರುವುದು ಕೊನೆಗೆ. ಅವಳಿಗೋ ಕೈಯದೇ ಅವಸರ.

"ಬಾಲ್ ಬಂದ್ಬಿಡತ್ತೆ ತಾತ. ಸೊಂಟ ತಿರುಗೋ ತನಕ ಯಾರು ಕಾಯ್ತಾರೆ?"

"ಎಲೆ ಹಾಕೋಕೆ ಮುಂಚೆ ಸಾರು ಬಡಿಸ್ತಾರೇನೆ?"

ಕಾಲುಚೀಲ ಸುತ್ತಿ ಮಾಡಿದ ಚೆಂಡು ನನ್ನ ಹೆಂಡತಿ ಸರೋಜಳ ಹಪ್ಪಳದ ಮೇಲೆ ಬಿದ್ದು ಬಿದ್ದು, ಕಡೆಗೂ ಸೊಂಟ ಕೈಗಿಂತ ಮುಂದೆ ಬಂತು. ಆ ಖುಷಿಗೆ ಚೈತ್ರಾ ಬ್ಯಾಟನ್ನು ಬೀಸಿ ಎಸೆದಳು. ಅದು ನನ್ನ ಮೊಣಕಾಲಿನ ಪಕ್ಕದಲ್ಲೇ ಹಾರಿ ನೀರಿನ ಟ್ಯಾಂಕಿಗೆ ಬಡಿಯಿತು. "ಬ್ಯಾಟು ಎಸೆಯೋ ವಸ್ತು ಅಲ್ಲ. ಇಡು, ಆಮೇಲೆ ಓಡು" ಎಂದೆ. ನಾನು ಕಲಿಸಿದ್ದರಲ್ಲೆಲ್ಲ ಅವಳು ಬೇಗ ಕಲಿತದ್ದು ಅದೊಂದನ್ನೇ.

ಭಾನುವಾರ ಹೆಬ್ಬಾಳದ ಬಳಿಯ ಮೈದಾನದಲ್ಲಿ ಆಯ್ಕೆಯ ಪಂದ್ಯ. ಕೊನೆಯ ಸರದಿ, ಅಂಕ ಸಮಸಮ, ಇಬ್ಬರು ಔಟಾಗಿದ್ದರು, ಮೂರನೆಯವಳು ಔಟಾದರೆ ಸರದಿ ಮುಗಿದಂತೆ. ಓಟ ಮುಗಿಸುವ ಮುಂಚಿನ ಕೊನೆಯ ನಿಲ್ದಾಣವಾದ ಮೂರನೆಯ ಬೇಸಿನಲ್ಲಿ ಗೆಳತಿ ಓಡಲು ಸಿದ್ಧಳಾಗಿದ್ದಳು. ಚೆಂಡಿಗಿಂತ ಮೊದಲು ಚೈತ್ರಾ ಒಂದನೆಯ ಬೇಸ್ ಮುಟ್ಟಿದರೆ ಗೆಲುವು, ಇಲ್ಲದಿದ್ದರೆ ಗೆಳತಿಯ ಓಟ ಲೆಕ್ಕಕ್ಕಿಲ್ಲ. ಎರಡು ಚೆಂಡು ತಪ್ಪಿಸಿಕೊಂಡವು. ಎರಡೂ ಸಲ ಕೈಯೇ ಮುಂದೆ. ಮೂರನೆಯದೂ ತಪ್ಪಿದರೆ ಔಟ್. ಸರೋಜ ನನ್ನ ತೋಳು ಹಿಡಿದು, "ನೀವು ಸೊಂಟ ತಿರುಗಿಸ್ಬೇಡಿ, ಜನ ನೋಡ್ತಿದಾರೆ" ಎಂದಳು.

ಮೂರನೆಯದಕ್ಕೆ ಕಾಲು ಊರಿತು, ಸೊಂಟ ತಿರುಗಿತು, ಕೈ ಬಂತು. ಟಣ್ಣೆಂದು ಸದ್ದಾಗಿ ಚೆಂಡು ಇಬ್ಬರು ಫೀಲ್ಡರುಗಳ ನಡುವೆ ಸೀಳಿಕೊಂಡು ಹೋಯಿತು. ನಾನು ಉಸಿರು ಬಿಡುವಷ್ಟರಲ್ಲಿ ಚೈತ್ರಾ ಬಗ್ಗಿದಳು. ಬ್ಯಾಟನ್ನು ಗೆರೆಗೆ ಸಮವಾಗಿ ಮಲಗಿಸಿದಳು. ಅದು ಉರುಳಿತು. ಕಾಲಿನಿಂದ ತಡೆದು ಮತ್ತೆ ನೆಟ್ಟಗೆ ಮಾಡಿದಳು.

"ಬಿಸಾಕೇ! ಬಿಸಾಕಿ ಓಡು!"

ಈ ಮಾತು ಯಾರದೆಂದು ಸರೋಜ ತಿರುಗಿ ನೋಡಿದಳು. ನನ್ನದೇ. ಚೈತ್ರಾ ಓಡಿದಳು, ಚೆನ್ನಾಗಿಯೇ ಓಡಿದಳು, ಆದರೆ ಚೆಂಡು ಒಂದು ಹೆಜ್ಜೆ ಮೊದಲು ತಲುಪಿತ್ತು.

ಆಯ್ಕೆ ಮಾಡುವ ಮೇಡಂ ಅವಳನ್ನು ಕರೆದು, "ಸ್ವಿಂಗ್ ಯಾರಮ್ಮ ಕಲಿಸಿದ್ದು?" ಎಂದರು. ಚೈತ್ರಾ ನನ್ನತ್ತ ಬೆರಳು ತೋರಿಸಿದಳು. ನಾನು ಎದೆ ಸೆಟೆಸಿದೆ. "ಬ್ಯಾಟಿಗೆ ಹಾಸಿಗೆ ಹಾಸೋದು?" ಬೆರಳು ಕದಲಲಿಲ್ಲ.

"ಬರೋ ಭಾನುವಾರ ಇನ್ನೊಂದ್ಸಲ ನೋಡ್ತೀನಿ. ಸರ್, ಅಲ್ಲೀವರೆಗೂ ಅವಳಿಗೆ ಏನೂ ಕಲಿಸ್ಬೇಡಿ."

ಮನೆಗೆ ಬಂದೊಡನೆ ಚೈತ್ರಾ ಶೂ ಕಳಚಿ ಒದ್ದು ಒಳಗೆ ಓಡಿದಳು. ಒಂದು ತುಳಸಿಕಟ್ಟೆಯ ಕಡೆ, ಇನ್ನೊಂದು ಗೇಟಿನ ಕಡೆ. ನಾನು ಕೈ ಹಿಂದೆ ಕಟ್ಟಿ ನಿಂತೆ.

"ಜೋಡಿಸ್ಬಿಡಿ, ಯಾರೂ ನೋಡ್ತಿಲ್ಲ" ಎಂದಳು ಸರೋಜ.

ಭಾನುವಾರದವರೆಗೆ ಬಗ್ಗಬಾರದೆಂದು ತೀರ್ಮಾನಿಸಿದ್ದೇನೆ. ಇದನ್ನು ಬರೆಯುತ್ತಿರುವಾಗಲೂ ಶೂಗಳು ಅಲ್ಲೇ ಬಿದ್ದಿವೆ. ನಾನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದೇನೆ.