ಹೇಮಾವತಿಯ ಹಕಾರ

ನಮ್ಮ ಸೋದರಮಾವನ ಪ್ರಕಾರ ಕನ್ನಡದಲ್ಲಿ ತಪ್ಪು ಕಾಗುಣಿತ ಅನ್ನುವುದೇ ಇಲ್ಲ. ಇರುವುದೆಲ್ಲ ಹತ್ತಿರದ ನೆಂಟರು, ದೂರದ ನೆಂಟರು ಅಷ್ಟೆ! ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಕ್ಷಮಿಸಬಹುದಿತ್ತು. ಮಾವ ಹೊಟ್ಟೆ ಹೊರೆಯುತ್ತಿದ್ದದ್ದು ತುಮಕೂರಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಸೀಸದ ಅಕ್ಷರದ ಮೊಳೆಗಳನ್ನು ಜೋಡಿಸಿಕೊಂಡು. ಅಡುಗೆಭಟ್ಟನೇ ಉಪ್ಪು ಇದ್ದರೂ ಸರಿ, ಇಲ್ಲದಿದ್ದರೂ ಸರಿ ಅಂದ ಹಾಗೆ! ಪ್ರೆಸ್ಸಿನ ಯಜಮಾನರು ಹೇಗೆ ತಡೆದುಕೊಂಡರೋ ದೇವರಿಗೇ ಗೊತ್ತು.

ನೆಂಟಸ್ತನ ಅಳೆಯಲು ಮಾವನ ಬಳಿ ಎರಡು ಅಳತೆಗಳಿದ್ದವು. ಒಂದು ಕೈಯಳತೆ. ಒಂದು ಪದವನ್ನು ಇನ್ನೊಂದು ಪದ ಮಾಡಬೇಕಾದರೆ ಎಷ್ಟು ಮೊಳೆ ಕಿತ್ತು ಬದಲಾಯಿಸಬೇಕು? ಒಂದಾದರೆ ಅಣ್ಣತಮ್ಮ, ಎರಡಾದರೆ ದಾಯಾದಿ, ಮೂರಾದರೆ ಬಸ್ಸಿನಲ್ಲಿ ಪಕ್ಕ ಕೂತವರು! ಇನ್ನೊಂದು ಕಿವಿಯಳತೆ. ಶ, ಷ, ಸ ಮೂರನ್ನೂ ಒಂದೇ ಗೂಡಿಗೆ ಹಾಕು, ಳ ಬಂದರೆ ಲ ಅನ್ನು, ಣ ಬಂದರೆ ನ ಅನ್ನು, ಮಹಾಪ್ರಾಣದ ಪ್ರಾಣ ತೆಗೆ, ಹಕಾರವನ್ನು ಊದಿ ಹಾರಿಸಿಬಿಡು. ಮಿಕ್ಕಿದ್ದು ಎರಡರಲ್ಲೂ ಒಂದೇ ಆಗಿದ್ದರೆ ಎರಡೂ ಒಂದೇ ಪದ.

ಗುಬ್ಬಿಯ ಹೋಟೆಲೊಂದರ ಹಲಗೆಯ ಮೇಲೆ ‘ಇರುಲಿ ದೋಸೆ’ ಎಂದಿತ್ತು. ನಾವು ಹುಡುಗರೆಲ್ಲ ಬಿದ್ದು ಬಿದ್ದು ನಕ್ಕೆವು. ಮಾವ ಕಣ್ಣಲ್ಲೇ ಅಳೆದು, ಎರಡೇ ಮೊಳೆ, ಈರುಳ್ಳಿಯ ದಾಯಾದಿ ಎಂದು ತೀರ್ಪು ಕೊಟ್ಟು ಒಳಗೆ ನಡೆದರು. ನಿಜ ಹೇಳಬೇಕಲ್ಲ, ಅಂಥ ದೋಸೆಯನ್ನು ಕಾಗುಣಿತ ಸರಿಯಿದ್ದ ಯಾವ ಹೋಟೆಲಿನಲ್ಲೂ ನಾವು ತಿಂದಿಲ್ಲ.

ಈ ಶಾಸ್ತ್ರಕ್ಕೆ ಮೊದಲ ಪೆಟ್ಟು ಕೊಟ್ಟವಳು ನಮ್ಮಮ್ಮ, ಅಂದರೆ ಅವರ ಸ್ವಂತ ಅಕ್ಕ. ಒಂದು ಬೆಳಿಗ್ಗೆ ಮಾವ ನಮ್ಮ ಮನೆಯಲ್ಲಿ ಕಾಫಿಗೆ ಕಾದು ಕೂತು, ಕಿವಿಯಳತೆಯಲ್ಲಿ ಹಾಲೂ ಒಂದೇ, ಆಳೂ ಒಂದೇ ಎಂದು ಸಾಧಿಸುತ್ತಿದ್ದರು. ಅಮ್ಮ ಒಲೆಯ ಮುಂದಿನಿಂದಲೇ ಕೇಳಿದಳು: “ಹಾಲಿನ್ನೂ ಬಂದಿಲ್ಲ, ಆಳು ಬಂದವ್ನೆ. ಅವನ್ನೇ ಕಾಯ್ಸಿ ಕಾಫಿ ಮಾಡ್ಲೇನೋ?”

ಮಾವ ಅಂದು ಕಾಫಿಯಿಲ್ಲದೆ ಪ್ರೆಸ್ಸಿಗೆ ಹೋದರು. ಸಂಜೆ ಬರುವಾಗ ತಿದ್ದುಪಡಿ ಸಿದ್ಧವಾಗಿತ್ತು. ಪದ ಒಂದೇ ಥರ ಕೇಳಿಸಿದರೆ ಸಾಲದು, ಅದರ ಅಕ್ಕಪಕ್ಕ ಯಾರು ಕೂತಿದ್ದಾರೆ ಅಂತಲೂ ನೋಡಬೇಕಂತೆ! ಇಂಥವರನ್ನು ಸೋಲಿಸುವುದು ಹೇಗೆ?

ನಗುತ್ತಿದ್ದ ನಮಗೆ ಈ ಹುಚ್ಚಿನ ಬೆಲೆ ತಿಳಿದದ್ದು ನಮ್ಮಕ್ಕ ಹೇಮಾವತಿಗೆ ಗಂಡು ನೋಡುವಾಗ. ಬಂದ ಗಂಡುಗಳಿಗೆಲ್ಲ ತಲೆ ಬಗ್ಗಿಸಿ ಉಪ್ಪಿಟ್ಟು ಕೊಟ್ಟು ಒಳಗೆ ಹೋಗಿಬಿಡುತ್ತಿದ್ದ ಅಕ್ಕ, ಕುಣಿಗಲ್ಲಿನ ಮೇಷ್ಟ್ರು ಬಂದಾಗ ತಲೆಯೆತ್ತಿ ನೋಡಿದಳು, ನಕ್ಕಳು ಕೂಡ. ಅವರಿಗೂ ಒಪ್ಪಿಗೆ. ಆದರೆ ಅಕ್ಕನ ಜಾತಕ ಬರೆಸಿರಲಿಲ್ಲ. ಜಾತಕ ಇಲ್ಲದವರಿಗೆ ಹೆಸರಿನ ಮೊದಲಕ್ಷರದಿಂದಲೇ ನಕ್ಷತ್ರ ಹಿಡಿಯುತ್ತಾರಲ್ಲ? ‘ಹೇ’ ಅಂದರೆ ಪುಷ್ಯ, ಹುಡುಗನಿಗೆ ಕೂಡಿಬರುವುದಿಲ್ಲ ಎಂದು ಅವರ ಕಡೆಯ ಜೋಯಿಸರು ಪಂಚಾಂಗ ಮುಚ್ಚಿಬಿಟ್ಟರು. ಅಕ್ಕ ಊಟಕ್ಕೇಳಲಿಲ್ಲ. ಅವಳ ಮುಖ ನೋಡಲು ನಮಗೆ ಸಂಕಟವಾಗುತ್ತಿತ್ತು.

ಮಾವ ರಜೆ ಹಾಕಿ ಕುಣಿಗಲ್ಲಿಗೆ ಹೊರಟರು. ಜೊತೆಗೆ ನಾನೂ ಹೋದೆ. ಹುಡುಗನ ಮನೆಯ ಜಗಲಿಯ ಮೇಲೆ ಜೋಯಿಸರನ್ನೂ ಕರೆಸಿ ಕೂರಿಸಿ, ಮಾವ ಹುಡುಗನ ಅಜ್ಜಿಗೆ ಕೈ ಮುಗಿದರು. ನಮ್ಮ ಹುಡುಗಿ ಈ ಮನೆಗೆ ಬಂದರೆ ಹೇಗೆ ಕರೆಯುತ್ತೀರಿ, ಒಂದು ಸಲ ಕೂಗಿ ಎಂದರು.

“ಏಮಾವತೀ, ಬಾರವ್ವ,” ಎಂದಿತು ಅಜ್ಜಿ.

ನಾಳೆಯಿಂದ ಅವಳನ್ನು ಕರೆಯುವ ಬಾಯಿ ಇದು, ನಕ್ಷತ್ರ ನೋಡುವುದು ಕರೆಯುವ ಹೆಸರಿಗೆ ತಾನೆ, ‘ಏ’ ಅಂದರೆ ಕೃತ್ತಿಕೆ, ಈಗ ಕೂಡಿ ನೋಡಿ ಎಂದು ಮಾವ ಪಟ್ಟು ಹಿಡಿದರು. ಕೂಡುತ್ತಿತ್ತು! ಆದರೆ ಜೋಯಿಸರು ಬಿಡುವವರೇ? ಅಜ್ಜಿ ಅಂದದ್ದು ‘ಏ’ ಅಲ್ಲ, ‘ಯೇ’. ಯೇ ಅಂದರೆ ಮೂಲಾ ನಕ್ಷತ್ರ ಎಂದರು. ಮೂಲಾ ನಕ್ಷತ್ರದ ಸೊಸೆ ಬಂದರೆ ಗಂಡನ ತಂದೆಗೆ ಆಗಿಬರುವುದಿಲ್ಲವಂತೆ. ಹುಡುಗನ ತಂದೆ ಕೂತಲ್ಲೇ ಎದೆ ಮುಟ್ಟಿ ನೋಡಿಕೊಂಡರು. ನಾನು ಎದ್ದು ಚಪ್ಪಲಿ ಹುಡುಕತೊಡಗಿದೆ.

ಮಾವ ಮಾತ್ರ ಅಲುಗಲಿಲ್ಲ. “ಸ್ವಾಮಿ, ಒಂದ್ಸಲ ಎಮ್ಮೆ ಅನ್ನಿ,” ಎಂದರು.

“ಯೆಮ್ಮೆ,” ಎಂದರು ಜೋಯಿಸರು.

“ಹಂಗಾದ್ರೆ ಕುಣಿಗಲ್ ತಾಲ್ಲೂಕಿನ ಎಮ್ಮೆಗಳೆಲ್ಲಾ ಮೂಲಾ ನಕ್ಷತ್ರದವೇನು ಸ್ವಾಮಿ?”

ಮೊದಲು ನಕ್ಕವರು ಹುಡುಗನ ತಂದೆ. ಆಮೇಲೆ ಅಜ್ಜಿ. ಕೊನೆಗೆ ಜೋಯಿಸರೂ ನಗು ತಡೆಯಲಾರದೆ ಪಂಚಾಂಗ ಬಿಚ್ಚಿ, ಕೃತ್ತಿಕೆಯೆಂದೇ ಒಪ್ಪಿ ಲಗ್ನ ಗೊತ್ತುಮಾಡಿದರು.

ಮದುವೆಯಾಯಿತು. ಅಕ್ಕನನ್ನು ಗಂಡನ ಮನೆಗೆ ಕಳಿಸಿಕೊಡುವ ಹೊತ್ತು ಎಲ್ಲರೂ ಅಳುತ್ತಿದ್ದರೆ ಮಾವನೇ ಕಾಣಿಸಲಿಲ್ಲ. ಅಕ್ಕನೇ ಹುಡುಕಿಕೊಂಡು ಹೋದಳು. ಛತ್ರದ ಹಿಂದೆ ನೀರಿನ ತೊಟ್ಟಿಯ ಹತ್ತಿರ ನಿಂತಿದ್ದರು. ಗೆದ್ದು ಬಂದ ಆ ಮನುಷ್ಯ ಅವಳ ಮುಖ ನೋಡಲಾರದೆ ಹೇಳಿದರು:

“ನಿನ್ ಹೆಸರಲ್ಲಿದ್ದ ಹಕಾರನ ಅಲ್ಲಿ ಬಿಟ್ಟುಕೊಟ್ಟು ಬಂದ್ಬುಟ್ಟೆ ಕಣಮ್ಮ. ಆ ಮನೇಲಿ ನಿಂಗದು ಸಿಗಲ್ಲ. ಇಲ್ಲಿಗೆ ಬಂದಾಗೆಲ್ಲ ನಾನು ಕರೀತೀನಿ.”

ಆಮೇಲೆ ಅಕ್ಕ ತವರಿಗೆ ಬಂದಾಗಲೆಲ್ಲ ಮೊದಲು ಹೋಗಿ ನಿಲ್ಲುತ್ತಿದ್ದದ್ದು ಮಾವನ ಮನೆಯ ಬಾಗಿಲಲ್ಲಿ. ಒಳಗಿನಿಂದ ಅತ್ತೆ ಎಷ್ಟು ಕರೆದರೂ ಹೊಸಿಲು ದಾಟುತ್ತಿರಲಿಲ್ಲ. ಮಾವ ಎದ್ದು ಬಂದು, ಎದೆಯ ತುಂಬ ಉಸಿರೆಳೆದುಕೊಂಡು, “ಹೇಮಾವತೀ” ಎನ್ನುವವರೆಗೂ ಕಾಯುತ್ತಿದ್ದಳು.